ಅಮ್ಮನಿಗೆ ಕ್ಯಾರೋಟಿಡ್ ಆಪರೇಷನ್: ಹೆಂಗಸರ ಪಾಲಿಗೆ ಎರಡು ವಾರದ ಲೆಕ್ಕ

ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ನಾಳ ಕಿರಿದಾಗಿದೆ, ಆಪರೇಷನ್ ಬೇಕಾಗಬಹುದು ಎಂದು ಡಾಕ್ಟರು ಹೇಳಿದ ತಕ್ಷಣ ಮನೆಯವರು ಮಾಡಬೇಕಾದ ಮೊದಲ ಕೆಲಸ, ಲಕ್ಷಣ ಕಾಣಿಸಿಕೊಂಡ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ಅಲ್ಲಿಂದ ಮುಂದಕ್ಕೆ 14 ದಿನ ಎಣಿಸಿ ಇನ್ನೊಂದು ಗುರುತು ಹಾಕಿ. ಆ ಎರಡು ಗುರುತಿನ ನಡುವೆ ಸ್ಕ್ಯಾನ್, ರೆಫರಲ್ ಚೀಟಿ, ಕಾರ್ಡು, ಬೆಂಗಳೂರು ಪ್ರಯಾಣ, ಆಪರೇಷನ್ ಎಲ್ಲವೂ ಮುಗಿಯಬೇಕು. ರೋಗಿ ಹೆಂಗಸಾಗಿದ್ದರೆ ಈ ಗಡುವು ಇನ್ನಷ್ಟು ಬಿಗಿ. ಏಕೆಂದು ಮುಂದೆ ಬರೆಯುತ್ತೇನೆ. ಅಮ್ಮನ ಎಡಗಡೆಯ ಆಪರೇಷನ್ ಮುಗಿದು ನಾವು ದಾವಣಗೆರೆಗೆ ಮರಳಿದ್ದೇವೆ. ನರ್ಸಿಂಗ್ ಕೆಲಸದಲ್ಲಿರುವ ನನಗೇ ಅಲ್ಲಲ್ಲಿ ದಿಕ್ಕು ತೋಚಲಿಲ್ಲ. ಆಸ್ಪತ್ರೆಯ ಪರಿಚಯವೇ ಇಲ್ಲದ ಮನೆಯವರ ಪಾಡು ನೆನೆದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಲಕ್ಷಣ ಬಂದದ್ದು ಬೆಳಗಿನ ಹೊತ್ತು. ಬಲಗೈಯಲ್ಲಿದ್ದ ಲೋಟ ಜಾರಿತು, ಮಾತು ತೊದಲಿತು, ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಸರಿಹೋದದ್ದೇ ಅಪಾಯ. ಹೆಂಗಸರಿಗೆ ಹೀಗಾದರೆ ಪಿತ್ತ, ನಿಶ್ಶಕ್ತಿ, ಉಪವಾಸ, ತಲೆಸುತ್ತು ಎಂದು ಮನೆಯಲ್ಲೂ ಕ್ಲಿನಿಕ್ಕಿನಲ್ಲೂ ಸುಲಭವಾಗಿ ಹೇಳಿಬಿಡುತ್ತಾರೆ. ಒಂದು ಗ್ಲೂಕೋಸ್ ಬಾಟಲಿ ಏರಿಸಿ ಕಳಿಸುವುದೂ ಉಂಟು. ಆದರೆ ಬಂದು ಹೋದ ಈ ಸಣ್ಣ ಲಕ್ವ ಮುಂದಿನ ದೊಡ್ಡ ಲಕ್ವದ ಮುನ್ಸೂಚನೆ, ಮತ್ತು ಆ ಅಪಾಯ ಎಲ್ಲಕ್ಕಿಂತ ಹೆಚ್ಚಿರುವುದು ಮೊದಲ ಕೆಲವು ದಿನಗಳಲ್ಲಿ. ಎಡ ಕ್ಯಾರೋಟಿಡ್‌ನೊಳಗೆ ಕಟ್ಟಿಕೊಂಡ ಪದರದ ಚೂರು ಕಳಚಿ ಮಿದುಳಿಗೆ ಹೋದರೆ ಬಲಗೈ, ಬಲಗಾಲು, ಬಾಯಿಯ ಬಲಮೂಲೆ ಸೋಲುತ್ತವೆ. ಸಾಮಾನ್ಯವಾಗಿ ಮಾತಿನ ಕೇಂದ್ರ ಎಡಗಡೆ ಇರುವುದರಿಂದ ಮಾತೂ ಕೆಡುತ್ತದೆ. ಕಣ್ಣಿನ ವಿಷಯ ಮಾತ್ರ ಬೇರೆ: ಎಡ ನಾಳ ಕೆಟ್ಟರೆ ಎಡಗಣ್ಣಿಗೇ ಪರದೆ ಇಳಿದ ಹಾಗೆ ಕೆಲವು ನಿಮಿಷ ಕತ್ತಲು. ಬರೀ ತಲೆಸುತ್ತು ಕ್ಯಾರೋಟಿಡ್‌ನ ಲಕ್ಷಣವಲ್ಲ. ಆದ್ದರಿಂದ ಡಾಕ್ಟರ ಮುಂದೆ ಕೂತಾಗ ತಲೆ ತಿರುಗಿತು ಎಂಬ ಒಂದೇ ಮಾತಿನಲ್ಲಿ ಮುಗಿಸಬೇಡಿ. ಯಾವ ಕೈ, ಯಾವ ಕಣ್ಣು, ಮಾತು ಹೋಯಿತೇ, ಎಷ್ಟು ನಿಮಿಷ, ಎಷ್ಟು ಗಂಟೆಗೆ ಶುರುವಾಯಿತು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ಆ ಹಾಳೆ ನಮಗೆ ಬೆಂಗಳೂರಿನವರೆಗೂ ಕೆಲಸಕ್ಕೆ ಬಂತು. ಲಕ್ಷಣ ಹೋಗದೆ ನಿಂತರೆ ಯಾವ ಹಾಳೆಯೂ ಬೇಡ, 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ ಅಷ್ಟೇ.

ಅದೇ ದಿನ ಆಗಬೇಕಾದ್ದು ಇಷ್ಟು: ಬಿಪಿ, ಸಕ್ಕರೆ, ಇಸಿಜಿ, ಮಿದುಳಿನ ಎಂಆರ್‌ಐ ಅಥವಾ ಕನಿಷ್ಠ ಸಿಟಿ. ಲಕ್ಷಣ ಮಾಯವಾಗಿದ್ದರೂ ಎಂಆರ್‌ಐನಲ್ಲಿ ಸಣ್ಣ ಕಲೆ ಸಿಗಬಹುದು, ಅಮ್ಮನಿಗೆ ಸಿಕ್ಕಿತು. ಇಸಿಜಿ ಬಿಡಬಾರದು. ಹೃದಯದ ಬಡಿತ ಅಡ್ಡಾದಿಡ್ಡಿಯಾಗಿದ್ದು ಅಲ್ಲಿಂದ ರಕ್ತದ ಹೆಪ್ಪು ಹಾರಿದ್ದರೆ ಔಷಧಿಯೇ ಬೇರೆ. ರಕ್ತಸ್ರಾವವಿಲ್ಲ ಎಂದು ಸ್ಕ್ಯಾನ್‌ನಲ್ಲಿ ಖಾತ್ರಿಯಾದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲ್ ಇಳಿಸುವ ದೊಡ್ಡ ಡೋಸಿನ ಅಟೋರ್ವಾಸ್ಟಾಟಿನ್ ಶುರು ಮಾಡಿದರು. ಈ ಮೂರೂ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಆಪರೇಷನ್ ನಿಗದಿಯಾಗುವವರೆಗೆ ರೋಗಿಯನ್ನು ಕಾಯುವುದು ಇವೇ, ಒಂದು ಹೊತ್ತೂ ತಪ್ಪಿಸಬಾರದು.

ಮುಂದಿನದು ಕುತ್ತಿಗೆಯ ಡಾಪ್ಲರ್, ಅಂದರೆ ನಾಳದಲ್ಲಿ ರಕ್ತದ ಓಟ ನೋಡುವ ಸ್ಕ್ಯಾನ್. ಸೂಜಿ ಇಲ್ಲ, ನೋವಿಲ್ಲ, ಅರ್ಧ ಗಂಟೆಯ ಕೆಲಸ. ನಮಗೆ 2,000 ರೂಪಾಯಿಯ ಆಸುಪಾಸು ಆಯಿತು. ರಿಪೋರ್ಟಿನ ಕೊನೆಯ ಸಾಲಿನ ಶೇಕಡಾವಾರು ಮಾತ್ರ ನೋಡಿ ಎದೆ ಒಡೆದುಕೊಳ್ಳಬೇಡಿ. ಒಳಗಿನ ಅಂಕಿ ನೋಡಬೇಕು. ಕವಲೊಡೆದು ಮಿದುಳಿಗೆ ಹೋಗುವ ಒಳ ಕ್ಯಾರೋಟಿಡ್‌ನಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಶೇ 50ಕ್ಕಿಂತ ಹೆಚ್ಚು ಕಟ್ಟಿದೆ, 230 ದಾಟಿದರೆ ಶೇ 70ಕ್ಕಿಂತ ಹೆಚ್ಚು ಎಂಬುದು ಹೆಚ್ಚಿನ ಕಡೆ ಬಳಸುವ ಅಳತೆ. ಇಲ್ಲಿ ಹೆಂಗಸರಿಗೆ ಒಂದು ತೊಡಕಿದೆ. ಅವರ ನಾಳ ಸಣ್ಣದು. ಒಳ ಕ್ಯಾರೋಟಿಡ್‌ನ ಸರಾಸರಿ ವ್ಯಾಸ ಗಂಡಸರಲ್ಲಿ ಸುಮಾರು 5.1 ಮಿಲಿಮೀಟರ್ ಇದ್ದರೆ ಹೆಂಗಸರಲ್ಲಿ 4.7. ಅಷ್ಟೇ ಕಟ್ಟಿಕೊಂಡಿದ್ದರೂ ಹೆಂಗಸರಲ್ಲಿ ವೇಗ ಸ್ವಲ್ಪ ಹೆಚ್ಚು ತೋರಿಸುತ್ತದೆ. ಜೊತೆಗೆ ರಕ್ತಹೀನತೆ ಇದ್ದರೆ ರಕ್ತ ಎಲ್ಲ ನಾಳಗಳಲ್ಲೂ ಜೋರಾಗಿ ಓಡಿ ವೇಗ ಮತ್ತೂ ಏರುತ್ತದೆ. ನಮ್ಮ ಕಡೆ ವಯಸ್ಸಾದ ಹೆಂಗಸರಲ್ಲಿ ಹಿಮೋಗ್ಲೋಬಿನ್ 9, 10 ಇರುವುದು ಹೊಸದೇನಲ್ಲ. ಆದ್ದರಿಂದ ಡಾಪ್ಲರ್ ಜೊತೆಗೇ ಹಿಮೋಗ್ಲೋಬಿನ್ ಮಾಡಿಸಿ. ಒಳ ಕ್ಯಾರೋಟಿಡ್ ಮತ್ತು ಕೆಳಗಿನ ಮುಖ್ಯ ಕ್ಯಾರೋಟಿಡ್‌ಗಳ ವೇಗದ ಅನುಪಾತ ಬರೆದಿದ್ದಾರೆಯೇ ನೋಡಿ. ಅದು 4 ದಾಟಿದ್ದರೆ ಶೇ 70ರ ಮಾತಿಗೆ ಬಲ ಬರುತ್ತದೆ. ವೇಗ ಏರಿದೆ, ಅನುಪಾತ ಏರಿಲ್ಲ ಎಂದರೆ ನಿಜಕ್ಕೂ ಅಷ್ಟು ಕಟ್ಟಿದೆಯೇ, ಸಣ್ಣ ನಾಳ ಅಥವಾ ರಕ್ತಹೀನತೆಯಿಂದ ಹಾಗೆ ತೋರುತ್ತಿದೆಯೇ ಎಂದು ಕೇಳಲೇಬೇಕು. ಅಮ್ಮನ ಎಡಗಡೆ ಎರಡೂ ಏರಿದ್ದವು. ಬಲಗಡೆ ವೇಗ ಮಾತ್ರ ಗಡಿಯ ಹತ್ತಿರ ಇತ್ತು.

ಡಾಪ್ಲರ್ ಒಂದನ್ನೇ ನಂಬಿ ಹೆಂಗಸರನ್ನು ಆಪರೇಷನ್ ಟೇಬಲ್ಲಿಗೆ ಒಯ್ಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾಳಗಳ ಚಿತ್ರ ತೆಗೆಯುವ ಸಿಟಿ ಆಂಜಿಯೋ ಸ್ಕ್ಯಾನ್ ಆಗಲೇಬೇಕು. ಅದಕ್ಕೆ ಡೈ, ಅಂದರೆ ನಾಳ ಚಿತ್ರದಲ್ಲಿ ಕಾಣಲು ರಕ್ತಕ್ಕೆ ಹಾಕುವ ದ್ರವ ಬೇಕು, ಡೈಗೆ ಕಿಡ್ನಿ ಸರಿಯಿರಬೇಕು. ಇಲ್ಲೂ ಲ್ಯಾಬಿನ ಚೀಟಿ ಹೆಂಗಸರ ವಿಷಯದಲ್ಲಿ ಮೋಸ ಮಾಡುತ್ತದೆ. 65 ವರ್ಷದ ಗಂಡಸಿನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆಯ ಅಂಕಿ) 1.1 ಇದ್ದರೆ ಕಿಡ್ನಿಯ ಸೋಸುವ ಶಕ್ತಿ ಲೆಕ್ಕದಲ್ಲಿ ಸುಮಾರು 74 ಬರುತ್ತದೆ. ಅದೇ ವಯಸ್ಸಿನ ಹೆಂಗಸಿಗೆ ಅದೇ 1.1 ಎಂದರೆ ಸುಮಾರು 55. ಚೀಟಿಯಲ್ಲಿ ಎರಡಕ್ಕೂ ನಾರ್ಮಲ್ ಎಂದೇ ಅಚ್ಚಾಗಿರಬಹುದು. ಸೋಸುವ ಶಕ್ತಿಯ ಅಂಕಿಯನ್ನೇ ಕೇಳಿ ಬರೆಸಿಕೊಳ್ಳಿ. ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಕೇ, ಎಷ್ಟು ದಿನ ಎಂಬುದನ್ನು ಈ ಅಂಕಿ ನೋಡಿ ಡಾಕ್ಟರು ಹೇಳುತ್ತಾರೆ. ಡೈ ಹೋಗುವಾಗ ಮೈಯೆಲ್ಲ ಬಿಸಿಯಾಗಿ ಮೂತ್ರ ಹೋದಂತೆ ಅನಿಸುತ್ತದೆ, ಹೋಗಿರುವುದಿಲ್ಲ. ಮೊದಲೇ ಹೇಳಿದ್ದರೆ ವಯಸ್ಸಾದವರು ಗಾಬರಿಯಾಗಿ ಅಲುಗಾಡುವುದಿಲ್ಲ, ಚಿತ್ರ ಕೆಡುವುದಿಲ್ಲ. ಹತ್ತು ಸಾವಿರದ ಒಳಗೆ ಮುಗಿಯಿತು. ಹೊರಡುವ ಮುಂಚೆ ಸಿಡಿ ಕೇಳಿ ಪಡೆಯಿರಿ. ಬೆಂಗಳೂರಿನ ಸರ್ಜನ್‌ಗೆ ನಾಲ್ಕು ಫಿಲ್ಮ್ ಸಾಲದು, ಚಿತ್ರಗಳನ್ನು ತಿರುಗಿಸಿ ನೋಡಬೇಕು. ಸಿಡಿ ಇಲ್ಲದೆ ಹೋದವರಿಗೆ ಸ್ಕ್ಯಾನ್ ಮತ್ತೆ ಮಾಡಿಸಿ, ಡೈ ಮತ್ತೆ ಹಾಕಿ, ಎರಡು ದಿನ ಹೋದದ್ದನ್ನು ವಾರ್ಡಿನಲ್ಲೇ ನೋಡಿದೆ.

ಶೇಕಡಾವಾರು ಅಳೆಯುವ ಕ್ರಮವೂ ಎರಡಿದೆ. ಕ್ಯಾರೋಟಿಡ್ ಆಪರೇಷನ್ ಬಗ್ಗೆ ಉತ್ತರ ಅಮೆರಿಕದಲ್ಲಿ ನಡೆದ ನ್ಯಾಸೆಟ್ ಪ್ರಯೋಗದ ಕ್ರಮದಲ್ಲಿ 70 ಎಂದು ಬರುವುದು ಯುರೋಪಿನ ಇಸಿಎಸ್‌ಟಿ ಕ್ರಮದಲ್ಲಿ 82ರಿಂದ 85 ಆಗುತ್ತದೆ. ರಿಪೋರ್ಟಿನಲ್ಲಿ ಯಾವ ಕ್ರಮ ಎಂದು ಬರೆದಿರದಿದ್ದರೆ ಕೇಳಿ. ಮುಂದೆ ಹೇಳುವ ಅಂಕಿಗಳೆಲ್ಲ ನ್ಯಾಸೆಟ್ ಕ್ರಮದವು.

ಈಗ ನಿರ್ಧಾರದ ಮಾತು. ಕ್ಯಾರೋಟಿಡ್ ಆಪರೇಷನ್ ಲಾಭ ತರುತ್ತದೆ ಎಂದು ಸಾಬೀತು ಮಾಡಿದ ದೊಡ್ಡ ಪ್ರಯೋಗಗಳಲ್ಲಿ ಹೆಂಗಸರು ಸುಮಾರು ಮೂರನೇ ಒಂದು ಪಾಲು ಮಾತ್ರ. ಸರಾಸರಿ ಅಂಕಿ ಎಂದರೆ ಬಹುಮಟ್ಟಿಗೆ ಗಂಡಸರ ಅಂಕಿ. 1991ರಲ್ಲಿ ನ್ಯಾಸೆಟ್ ಫಲಿತಾಂಶ ಬಂದಾಗ, ಲಕ್ಷಣ ಕಂಡು ಶೇ 70ಕ್ಕಿಂತ ಹೆಚ್ಚು ಕಟ್ಟಿಕೊಂಡವರಲ್ಲಿ ಎರಡು ವರ್ಷದಲ್ಲಿ ಅದೇ ಬದಿಯ ಲಕ್ವ ಔಷಧಿ ಮಾತ್ರ ಪಡೆದವರಿಗೆ ಶೇ 26, ಆಪರೇಷನ್ ಆದವರಿಗೆ ಶೇ 9. ಇಷ್ಟು ದೊಡ್ಡ ಅಂತರ ಹೆಂಗಸರಿಗೂ ಲಾಭವೇ. ಆದರೆ ಶೇ 50ರಿಂದ 69ರಷ್ಟು ಕಟ್ಟಿಕೊಂಡವರ ಫಲಿತಾಂಶ 1998ರಲ್ಲಿ ಬಂದಾಗ ಹೆಂಗಸರಿಗೆ ಸ್ಪಷ್ಟ ಲಾಭ ಕಾಣಲಿಲ್ಲ. 2004ರಲ್ಲಿ ನ್ಯಾಸೆಟ್ ಮತ್ತು ಇಸಿಎಸ್‌ಟಿ ಎರಡರ ಅಂಕಿಗಳನ್ನೂ ಕೂಡಿಸಿ ನೋಡಿದಾಗ ಚಿತ್ರ ಇನ್ನೂ ತಿಳಿಯಾಯಿತು: ಶೇ 50 ಮತ್ತು ಅದಕ್ಕೂ ಮೇಲೆ ಕಟ್ಟಿಕೊಂಡವರಲ್ಲಿ ಐದು ವರ್ಷದಲ್ಲಿ ಒಂದು ಲಕ್ವ ತಪ್ಪಿಸಲು 9 ಗಂಡಸರಿಗೆ ಆಪರೇಷನ್ ಮಾಡಿದರೆ ಸಾಕು, ಹೆಂಗಸರಲ್ಲಿ 36 ಜನರಿಗೆ ಮಾಡಬೇಕು. ಅದೇ ಲೆಕ್ಕದಲ್ಲಿ, ಲಕ್ಷಣವಾಗಿ ಎರಡು ವಾರದೊಳಗೆ ಚಿಕಿತ್ಸೆಗೆ ಆಯ್ಕೆಯಾದವರಲ್ಲಿ 5 ಜನ ಸಾಕು. 12 ವಾರ ದಾಟಿದವರಲ್ಲಿ 125. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಸಿಕ್ಕ ವಿಷಯವೇ ಈ ಬರಹದ ಜೀವ: ತಡವಾದಂತೆ ಗಂಡಸರಲ್ಲಿ ಲಾಭ ನಿಧಾನಕ್ಕೆ ಇಳಿಯಿತು, ಹೆಂಗಸರಲ್ಲಿ ಎರಡು ವಾರ ದಾಟುತ್ತಲೇ ಕುಸಿಯಿತು.

ಕಾರಣ ಎರಡು ಕಡೆಯಿಂದ ಬರುತ್ತದೆ. ಹೆಂಗಸರ ನಾಳದೊಳಗಿನ ಗಟ್ಟಿ ಪದರದಲ್ಲಿ ನಾರಿನ ಅಂಶ ಹೆಚ್ಚು, ಒಡೆಯುವ ಮೆತ್ತನೆ ಕೊಬ್ಬು ಕಡಿಮೆ. ಲಕ್ಷಣದ ನಂತರದ ದಿನಗಳು ಕಳೆದರೆ ಅದು ಗಂಡಸರದ್ದಕ್ಕಿಂತ ಬೇಗ ಶಾಂತವಾಗುತ್ತದೆ. ಅಂದರೆ ಆಪರೇಷನ್ ತಪ್ಪಿಸಬೇಕಾದ ಅಪಾಯವೇ ಕಡಿಮೆಯಾಗಿಬಿಡುತ್ತದೆ. ಇನ್ನೊಂದು ಕಡೆ, ನಾಳ ಸಣ್ಣದಾದ್ದರಿಂದ ಹೊಲಿಗೆಯ ಕೆಲಸ ಕಷ್ಟ, ಆಪರೇಷನ್ನಿನದೇ ಅಪಾಯ ಸ್ವಲ್ಪ ಹೆಚ್ಚು. ಬೇಗ ಮಾಡಿದರೆ ತಪ್ಪಿಸಬೇಕಾದ ಅಪಾಯ ಇನ್ನೂ ದೊಡ್ಡದಿರುತ್ತದೆ, ತಕ್ಕಡಿ ಆಪರೇಷನ್ ಕಡೆಗೆ ತೂಗುತ್ತದೆ. ತಡವಾದರೆ ಆಪರೇಷನ್ನಿನ ಅಪಾಯ ಮಾತ್ರ ಉಳಿಯುತ್ತದೆ. ಹೀಗಿದ್ದೂ ನಮ್ಮಲ್ಲಿ ತಡವಾಗುವುದು ಹೆಂಗಸರಿಗೇ. ನೋಡಲು ಕರೆದೊಯ್ಯುವುದು ತಡ, ಸ್ಕ್ಯಾನ್ ತಡ, ಮಗ ಊರಿಂದ ಬರಲಿ, ಹಬ್ಬ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಯಾರಿಗೆ ದಿನಗಳು ಹೆಚ್ಚು ಬೆಲೆಬಾಳುತ್ತವೆಯೋ ಅವರ ದಿನಗಳೇ ಸುಮ್ಮನೆ ಹೋಗುತ್ತಿವೆ.

ನಮ್ಮ ದಿನಗಳನ್ನು ತಿಂದದ್ದು ಕಾಗದ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ರೆಫರಲ್ ಚೀಟಿಯಲ್ಲಿ ಬರೀ ಲಕ್ವ ಎಂದು ಬರೆಸಿಕೊಂಡು ಬರಬೇಡಿ. ಕ್ಯಾರೋಟಿಡ್ ಕಿರಿದಾಗಿರುವುದು, ಯಾವ ಬದಿ, ಶೇಕಡಾ ಎಷ್ಟು, ಲಕ್ಷಣ ಬಂದ ತಾರೀಖು ಇಷ್ಟೂ ಇರಲಿ. ತಾರೀಖು ಇದ್ದರೆ ಮುಂದಿನ ಆಸ್ಪತ್ರೆಯವರಿಗೂ ಅವಸರ ಅರ್ಥವಾಗುತ್ತದೆ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ, ಸರ್ಕಾರಿ ನೌಕರರ ಮನೆಯವರಾದರೆ ನೌಕರರ ಆರೋಗ್ಯ ಯೋಜನೆ ನೋಡಿ. ನಾಳ ತೆರೆದು ಪದರ ತೆಗೆಯುವ ಎಂಡಾರ್ಟರೆಕ್ಟಮಿ ಮತ್ತು ನಾಳದೊಳಗೆ ಜಾಲರಿ ಕೊಳವೆ ಕೂರಿಸುವ ಸ್ಟೆಂಟ್ ಎರಡೂ ಬೇರೆ ಬೇರೆ ಚಿಕಿತ್ಸೆ. ಪೂರ್ವಾನುಮತಿ ಯಾವುದಕ್ಕೆ ಹೋಗಿದೆ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ ತಿಳಿದುಕೊಳ್ಳಿ. ಒಂದಕ್ಕೆ ಬಂದ ಅನುಮತಿಯಲ್ಲಿ ಇನ್ನೊಂದು ಮಾಡಲಾಗುವುದಿಲ್ಲ.

ಹೆಣ್ಣುಮಕ್ಕಳ ಕಾಗದದಲ್ಲಿ ಕಾಣುವ ತೊಂದರೆಗಳು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಆಧಾರ್‌ನಲ್ಲಿ ತವರಿನ ಇನಿಷಿಯಲ್, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು, ವಯಸ್ಸಿನಲ್ಲಿ ನಾಲ್ಕು ವರ್ಷದ ವ್ಯತ್ಯಾಸ. ವರ್ಷಗಟ್ಟಲೆ ಹೊಲದಲ್ಲಿ ದುಡಿದ, ಪಾತ್ರೆ ತಿಕ್ಕಿದ ಬೆರಳಿನ ಗೆರೆ ಸವೆದು ಬಯೋಮೆಟ್ರಿಕ್ ಯಂತ್ರ ಒಪ್ಪುವುದಿಲ್ಲ. ಒಟಿಪಿ ಹೋಗುವುದು ಮಗನ ಹಳೇ ನಂಬರಿಗೆ. ಇವನ್ನು ಆಸ್ಪತ್ರೆಯ ಕೌಂಟರಿನಲ್ಲಿ ಕಂಡುಕೊಂಡರೆ ದಿನಗಳು ಹೋಗುತ್ತವೆ. ಡಾಪ್ಲರ್ ರಿಪೋರ್ಟ್ ಬಂದ ದಿನವೇ ಒಬ್ಬರು ಆಸ್ಪತ್ರೆಯಲ್ಲಿರಲಿ, ಇನ್ನೊಬ್ಬರು ಕಾರ್ಡುಗಳನ್ನು ಹಿಡಿದು ಹೆಸರು, ಫೋನ್ ನಂಬರ್ ಹೊಂದುತ್ತವೆಯೇ ಎಂದು ನೋಡಲಿ. ಬೆರಳು ಒಪ್ಪದಿದ್ದರೆ ಕಣ್ಣಿನ ಸ್ಕ್ಯಾನ್ ಇದೆಯೇ ಎಂದು ಕೇಳಬಹುದು. ಇನ್ನೊಂದು ಮಾತು: ಒಪ್ಪಿಗೆ ಪತ್ರಕ್ಕೆ ಗಂಡಸರನ್ನು ಕರೆಸಿ ಎಂದು ಯಾರಾದರೂ ಹೇಳಿದರೆ ಕಾಯುತ್ತಾ ಕೂರಬೇಡಿ. ಪ್ರಜ್ಞೆ, ತಿಳಿವಳಿಕೆ ಇರುವ ವಯಸ್ಕ ರೋಗಿ ತಾನೇ ಸಹಿ ಅಥವಾ ಹೆಬ್ಬೆಟ್ಟು ಹಾಕಬಹುದು. ಅಮ್ಮ ತಾನೇ ಎಲ್ಲ ಕೇಳಿ ತಿಳಿದುಕೊಂಡು ಸಹಿ ಮಾಡಿದರು.

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ನಡೆದಾಡುವ ರೋಗಿಗೆ ರೈಲು ಒಳ್ಳೆಯದು, ಕುಲುಕಾಟ ಕಡಿಮೆ, ಶೌಚಾಲಯವಿದೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಇಲ್ಲ, ಎಸಿ ಮತ್ತು ಸ್ಲೀಪರ್ ಬಸ್ಸಿಗೆ ಅದು ನಡೆಯುವುದಿಲ್ಲ. ಮತ್ತೆ ಮತ್ತೆ ತಪಾಸಣೆಗೆ ಹೋಗಿಬರುವವರಿಗೆ ಇದು ಸಣ್ಣ ಉಳಿತಾಯವಲ್ಲ. ಬಿಪಿ ಮಾತ್ರೆ ಬಿಟ್ಟು ಹೊರಡಬೇಡಿ, ದಾರಿಯುದ್ದಕ್ಕೂ ನೀರು ಕುಡಿಸಿ. ಮೂತ್ರಕ್ಕೆ ಹೋಗಬೇಕಾದೀತೆಂದು ಹೆಂಗಸರು ಪ್ರಯಾಣದಲ್ಲಿ ನೀರು ಕುಡಿಯುವುದೇ ಇಲ್ಲ. ಕಿರಿದಾದ ನಾಳಕ್ಕೆ ಮೈ ಒಣಗುವುದು, ಬಿಪಿ ಇಳಿಯುವುದು ಎರಡೂ ಕೆಟ್ಟದ್ದು.

ಬೆಂಗಳೂರಿನಲ್ಲಿ ಮುಂದಿಟ್ಟ ಆಯ್ಕೆ ಎರಡು: ಕುತ್ತಿಗೆ ತೆರೆದು ಪದರ ತೆಗೆಯುವ ಎಂಡಾರ್ಟರೆಕ್ಟಮಿ, ಅಥವಾ ತೊಡೆಯ ನಾಳದಿಂದ ಹೋಗಿ ಸ್ಟೆಂಟ್. ಗಾಯವಿಲ್ಲ, ಕಲೆ ಉಳಿಯುವುದಿಲ್ಲ ಎಂದು ಹೆಂಗಸರಿಗೆ ಸ್ಟೆಂಟ್ ಒಳ್ಳೆಯದೆಂದು ನೆಂಟರಿಷ್ಟರು ಹೇಳುತ್ತಾರೆ. 2,502 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರೆಸ್ಟ್ ಪ್ರಯೋಗದಲ್ಲಿ ಒಟ್ಟಾರೆ ಎರಡೂ ಸರಿಸುಮಾರು ಸಮ. ಸ್ಟೆಂಟ್‌ನಲ್ಲಿ ಚಿಕಿತ್ಸೆಯ ಹೊತ್ತಿನ ಲಕ್ವ ಹೆಚ್ಚು, ಶೇ 4.1ಕ್ಕೆ 2.3, ಆಪರೇಷನ್‌ನಲ್ಲಿ ಹೃದಯಾಘಾತ ಹೆಚ್ಚು, ಶೇ 2.3ಕ್ಕೆ 1.1. ಮುಂದಿನ ವರ್ಷ ಗಂಡು ಹೆಣ್ಣು ಬೇರೆ ಮಾಡಿ ನೋಡಿದಾಗ, ಚಿಕಿತ್ಸೆಯ ಆಸುಪಾಸಿನ ಲಕ್ವ, ಹೃದಯಾಘಾತ, ಸಾವು ಸೇರಿ ಗಂಡಸರಲ್ಲಿ ಸ್ಟೆಂಟ್‌ಗೆ ಶೇ 4.3, ಆಪರೇಷನ್‌ಗೆ 4.9, ಅಂದರೆ ವ್ಯತ್ಯಾಸವಿಲ್ಲ. ಹೆಂಗಸರಲ್ಲಿ ಸ್ಟೆಂಟ್‌ಗೆ 6.8, ಆಪರೇಷನ್‌ಗೆ 3.8. ಇದೊಂದೇ ಪ್ರಯೋಗದ ಮಾತು. 70 ವರ್ಷ ದಾಟಿದವರಿಗೆ ಸ್ಟೆಂಟ್‌ಗಿಂತ ಆಪರೇಷನ್ ಸುರಕ್ಷಿತ ಎಂಬ ವಯಸ್ಸಿನ ಲೆಕ್ಕ ಇದಕ್ಕಿಂತ ಗಟ್ಟಿ. ವಯಸ್ಸು ಹೆಚ್ಚಿದ್ದು ಹೆಂಗಸೂ ಆಗಿದ್ದರೆ, ಹೃದಯ ತಡೆದುಕೊಳ್ಳುವುದಾದರೆ, ತೆರೆದ ಆಪರೇಷನ್ ಕೇಳುವುದು ಸರಿ ಎಂದು ನನ್ನ ಎಣಿಕೆ. ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ, ಮೊದಲೇ ಅಲ್ಲಿ ದೊಡ್ಡ ಆಪರೇಷನ್ ಆಗಿದ್ದರೆ, ಕಿರಿದಾದ ಜಾಗ ದವಡೆಯ ಹಿಂದೆ ಬಹಳ ಮೇಲಿದ್ದರೆ ಸ್ಟೆಂಟೇ ಮೇಲು. ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆ: ನಿಮ್ಮಲ್ಲಿ ಲಕ್ವ ಅಥವಾ ಸಾವು ನೂರಕ್ಕೆ ಎಷ್ಟು? ಲಕ್ಷಣವಿದ್ದವರಲ್ಲಿ 6ರ ಒಳಗೆ, ಲಕ್ಷಣವಿಲ್ಲದವರಲ್ಲಿ 3ರ ಒಳಗೆ ಇರಬೇಕು ಎನ್ನುವುದು ಮಾರ್ಗಸೂಚಿ. ಈ ಪ್ರಶ್ನೆಗೆ ಒಳ್ಳೆಯ ಸರ್ಜನ್ ಬೇಸರಪಡುವುದಿಲ್ಲ.

ಆಪರೇಷನ್ನಿನ ಮುಂಚಿನ ತಯಾರಿಯಲ್ಲಿ ಎಕೋ, ಎದೆಯ ಎಕ್ಸ್‌ರೇ, ರಕ್ತದ ಗುಂಪು, ಅರಿವಳಿಕೆ ಡಾಕ್ಟರ ತಪಾಸಣೆ ಎಲ್ಲೆಡೆಯಂತೆ. ಆಸ್ಪಿರಿನ್ ನಿಲ್ಲಿಸುವುದಿಲ್ಲ. ಕ್ಲೋಪಿಡೋಗ್ರೆಲ್ ಮುಂದುವರಿಸುವುದೋ ನಿಲ್ಲಿಸುವುದೋ ಆಯಾ ಸರ್ಜನ್ ತೀರ್ಮಾನ. ಮನೆಯವರು ತಾವಾಗಿ ಎರಡನ್ನೂ ನಿಲ್ಲಿಸಬಾರದು. ಬಿಪಿಯನ್ನು ಎರಡೂ ತೋಳಿನಲ್ಲಿ ನೋಡಬೇಕು. ಥೈರಾಯ್ಡ್ ಆಪರೇಷನ್ ಆಗಿದ್ದರೆ ಅದನ್ನು ತಪ್ಪದೆ ಹೇಳಿ. ಅದು ಹೆಂಗಸರಲ್ಲೇ ಹೆಚ್ಚು, ಮತ್ತು ಎಷ್ಟೋ ವರ್ಷ ಹಿಂದಿನದೆಂದು ಹೇಳಲು ಮರೆಯುತ್ತಾರೆ. ಆಗ ಧ್ವನಿತಂತಿಗಳ ಪರೀಕ್ಷೆ ಮೊದಲೇ ಆಗಬೇಕು. ಒಂದು ಬದಿಯ ತಂತಿ ಹಳೆಯ ಆಪರೇಷನ್ನಿನಲ್ಲೇ ನಿಂತುಹೋಗಿದ್ದು, ಈಗ ಇನ್ನೊಂದು ಬದಿಯ ನರಕ್ಕೂ ಪೆಟ್ಟಾದರೆ ಉಸಿರಿಗೇ ತೊಂದರೆ. ತಂಬಾಕಿನ ಪ್ರಶ್ನೆಗೂ ಹಾಗೆಯೇ. ಬೀಡಿ ಸಿಗರೇಟು ಇದೆಯೇ ಎಂದು ಕೇಳುತ್ತಾರೆ, ಇಲ್ಲ ಎನ್ನುತ್ತೇವೆ, ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ ಬರೆದುಕೊಳ್ಳದೇ ಉಳಿಯುತ್ತದೆ. ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ಅಡಿಕೆ ಸೀಮೆಯ ಎಷ್ಟೋ ಅಜ್ಜಿಯರಿಗೆ ಅದು ದಿನಕ್ಕೆ ಹಲವು ಸಲದ ಅಭ್ಯಾಸ. ಕೇಳದಿದ್ದರೂ ಹೇಳಿ.

ತಾಳಿ, ಮೂಗುತಿ, ಕಾಲುಂಗುರ, ಬಳೆ ತೆಗೆಯುವ ವಿಷಯಕ್ಕೆ ಹಿಂದಿನ ರಾತ್ರಿ ವಾರ್ಡುಗಳಲ್ಲಿ ಕಣ್ಣೀರಾಗುತ್ತದೆ. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವುದರಿಂದ ಲೋಹ ಮೈಮೇಲಿದ್ದರೆ ಸುಡಬಹುದು, ಕುತ್ತಿಗೆಯ ಸರವಂತೂ ಆಪರೇಷನ್ ಜಾಗದಲ್ಲೇ ಇರುತ್ತದೆ, ಮಣಿಕಟ್ಟಿನ ನಾಳಕ್ಕೆ ಬಿಪಿ ನೋಡುವ ಸೂಜಿ ಹಾಕಬೇಕು. ಬಿಗಿಯಾದ ಕಾಲುಂಗುರವನ್ನು ಊರಲ್ಲೇ ಅಕ್ಕಸಾಲಿಗರ ಹತ್ತಿರ ಬಿಡಿಸಿಕೊಂಡು ಹೋಗಿ. ತಾಳಿಯನ್ನು ಮನೆಯ ಹಿರಿಯ ಹೆಂಗಸರೊಬ್ಬರ ಕೈಗೆ ಕೊಟ್ಟರೆ ಮನಸ್ಸಿಗೂ ಸಮಾಧಾನ, ಕಳೆಯುವ ಭಯವೂ ಇಲ್ಲ.

ಒಳಗೆ ನಡೆಯುವುದು ಹೀಗೆ. ಕಿವಿಯ ಕೆಳಗಿನಿಂದ ಕುತ್ತಿಗೆಯ ಓರೆ ಸ್ನಾಯುವಿನ ಅಂಚಿನುದ್ದಕ್ಕೂ ಗಾಯ ಮಾಡಿ ನಾಳ ಕವಲೊಡೆಯುವ ಜಾಗ ತಲುಪುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು ನಾಳಕ್ಕೆ ಮೇಲೆ ಕೆಳಗೆ ಕ್ಲಾಂಪ್ ಹಾಕಿ, ಉದ್ದಕ್ಕೆ ಸೀಳಿ, ಒಳಪದರವನ್ನು ಎಬ್ಬಿಸಿ ತೆಗೆಯುತ್ತಾರೆ. ಕ್ಲಾಂಪ್ ಇರುವಷ್ಟು ಹೊತ್ತು ಆ ಬದಿಯ ಮಿದುಳು ಉಳಿದ ನಾಳಗಳ ಮೇಲೆ ಬದುಕಬೇಕು. ಸಾಲದೆಂದು ಕಂಡರೆ ಶಂಟ್ ಎಂಬ ಸಣ್ಣ ಕೊಳವೆಯಲ್ಲಿ ರಕ್ತ ಹಾಯಿಸುತ್ತಾರೆ. ಪೂರ್ತಿ ಅರಿವಳಿಕೆಯೋ ಕುತ್ತಿಗೆಗೆ ಮಾತ್ರವೋ ಎಂಬ ಚರ್ಚೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, 3,526 ಜನರ ಗಾಲಾ ಪ್ರಯೋಗದಲ್ಲಿ ಫಲಿತಾಂಶ ಬೇರೆಯಾಗಲಿಲ್ಲ. ತಲೆ ಕೆಡಿಸಿಕೊಳ್ಳಬೇಕಾದ್ದು ಪ್ಯಾಚ್ ವಿಷಯಕ್ಕೆ. ಸೀಳಿದ ನಾಳವನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ಮೊದಲೇ ಸಣ್ಣದಾದ ನಾಳ ಮತ್ತೂ ಕಿರಿದಾಗುತ್ತದೆ. ಹಸುವಿನ ಹೃದಯದ ಹೊರಪೊರೆಯಿಂದ ಮಾಡಿದ್ದು, ಡ್ಯಾಕ್ರಾನ್ ಬಟ್ಟೆ, ಅಥವಾ ರೋಗಿಯದೇ ಕಾಲಿನ ರಕ್ತನಾಳ, ಇವುಗಳಲ್ಲಿ ಒಂದರ ತೇಪೆ ಹಾಕಿದರೆ ಅಗಲ ಉಳಿಯುತ್ತದೆ, ಮತ್ತೆ ಕಟ್ಟಿಕೊಳ್ಳುವುದು ಕಡಿಮೆ. ಹಸುವಿನ ಪೊರೆ ಬೇಡವೆನ್ನುವ ಮನೆಯವರು ಮುಂಚೆಯೇ ಹೇಳಬೇಕು, ಡ್ಯಾಕ್ರಾನ್ ತರಿಸಬಹುದು. ನಾಳವನ್ನು ಬುಡದಲ್ಲಿ ಕತ್ತರಿಸಿ ಒಳಪದರವನ್ನು ಹೊರಳಿಸಿ ತೆಗೆಯುವ ಇನ್ನೊಂದು ಕ್ರಮದಲ್ಲಿ ಪ್ಯಾಚ್ ಬೇಕಾಗುವುದಿಲ್ಲ. ಪ್ಯಾಚ್ ಬೆಲೆ ಪ್ಯಾಕೇಜ್‌ನಲ್ಲಿ ಸೇರಿದೆಯೇ ಎಂದು ಬಿಲ್ಲಿಂಗ್‌ನಲ್ಲಿ ಕೇಳಿಟ್ಟುಕೊಳ್ಳಿ, ನಮಗೆ ಅನಿರೀಕ್ಷಿತವಾಗಿ ಬಂದ ಖರ್ಚು ಅದೇ.

ಹೊರಗೆ ಕೂತವರಿಗೆ ಆ ಎರಡು ಮೂರು ಗಂಟೆ ಬಹಳ ಉದ್ದ. ಎಚ್ಚರವಾದ ತಕ್ಷಣ ಕೈ ಎತ್ತಿ, ನಾಲಿಗೆ ಚಾಚಿ, ಹೆಸರು ಹೇಳಿ ಎನ್ನುತ್ತಾರೆ. ಅಮ್ಮ ಬಲಗೈ ಎತ್ತಿದರು ಎಂದು ಹೊರಗೆ ಬಂದು ಹೇಳಿದಾಗಲೇ ನಮಗೆ ಉಸಿರು ಬಂದದ್ದು. ನಾಲಿಗೆ ಒಂದು ಬದಿಗೆ ವಾಲುವುದು, ಧ್ವನಿ ಗೊಗ್ಗರಾಗುವುದು, ತುಟಿಯ ಮೂಲೆ ಇಳಿಯುವುದು ನರಗಳ ಎಳೆತದಿಂದ ಆಗಬಹುದು. ಸಾಮಾನ್ಯವಾಗಿ ವಾರ, ತಿಂಗಳಲ್ಲಿ ಸರಿಹೋಗುತ್ತದೆ. ಕಿವಿಯ ಹಾಲೆ ಮರಗಟ್ಟುವುದು ಬಹಳ ಜನಕ್ಕೆ ಆಗುತ್ತದೆ. ಓಲೆ ಹಾಕುವಾಗ ಗೊತ್ತಾಗದೆ ಗಾಯವಾದೀತು, ಕನ್ನಡಿ ನೋಡಿ ಹಾಕಿಕೊಳ್ಳಲಿ. ಕಾಯಬಾರದ ವಿಷಯ ಒಂದಿದೆ: ಕುತ್ತಿಗೆಯ ಊತ ಹೆಚ್ಚುತ್ತಾ ಹೋಗಿ ನುಂಗಲು, ಉಸಿರಾಡಲು ಕಷ್ಟವಾದರೆ ಒಳಗೆ ರಕ್ತ ತುಂಬುತ್ತಿದೆ ಎಂದರ್ಥ. ಆ ಕ್ಷಣವೇ ಸಿಸ್ಟರನ್ನು ಕೂಗಬೇಕು.

ಮನೆಗೆ ಬಂದ ಮೇಲಿನ ಮೊದಲ ವಾರಗಳ ಅಪಾಯ ಬಿಪಿ. ವರ್ಷಗಳಿಂದ ಕಡಿಮೆ ರಕ್ತಕ್ಕೆ ಒಗ್ಗಿದ್ದ ಮಿದುಳಿಗೆ ಇದ್ದಕ್ಕಿದ್ದಂತೆ ಪೂರ್ತಿ ರಕ್ತ ನುಗ್ಗಿದಾಗ, ಬಿಪಿಯೂ ಏರಿದರೆ ಊತ, ಫಿಟ್ಸ್, ರಕ್ತಸ್ರಾವ ಆಗಬಹುದು. ಆಪರೇಷನ್ ಆದ ಬದಿಯಲ್ಲೇ ಹಿಂದೆಂದೂ ಇಲ್ಲದ ತಲೆನೋವು ಬಂದರೆ ಮಾತ್ರೆ ನುಂಗಿಸಿ ಮಲಗಿಸಬೇಡಿ, ಬಿಪಿ ನೋಡಿ, ಆಸ್ಪತ್ರೆಗೆ ಫೋನ್ ಮಾಡಿ. ತೋಳಿಗೆ ಕಟ್ಟುವ ಬಿಪಿ ಯಂತ್ರ ಮನೆಯಲ್ಲಿರಲಿ, ಬೆಳಿಗ್ಗೆ ಸಂಜೆ ಬರೆದಿಡಿ. ದಾಟಬಾರದ ಅಂಕಿ ಯಾವುದೆಂದು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಉಪ್ಪಿನಕಾಯಿ, ಮೆಣಸಿನಕಾಯಿ ಬಜ್ಜಿ ಮಂಡಕ್ಕಿ ಸದ್ಯಕ್ಕೆ ಬೇಡವೆಂದು ಬರುವ ನೆಂಟರಿಗೂ ಹೇಳಿಡಬೇಕಾಯಿತು.

ಸ್ಟಾಟಿನ್ ಮಾತ್ರೆಯಿಂದ ಮೈಕೈ ನೋವು ಹೆಂಗಸರಲ್ಲಿ ಸ್ವಲ್ಪ ಹೆಚ್ಚು, ಆದ್ದರಿಂದ ಹೇಳದೆ ಬಿಟ್ಟುಬಿಡುವವರೂ ಹೆಚ್ಚು. ನೋವು ಬಂದರೆ ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು. ಕೆಟ್ಟ ಕೊಲೆಸ್ಟ್ರಾಲ್ 70ರ ಕೆಳಗೆ ಇರಬೇಕು ಎಂಬುದೇ ಗುರಿ. ಇದು ಮುಖ್ಯವಾಗಲು ಕಾರಣ, ಮತ್ತೆ ಕಟ್ಟಿಕೊಳ್ಳುವುದೂ ಹೆಂಗಸರಲ್ಲೇ ಹೆಚ್ಚು. ಕ್ರೆಸ್ಟ್‌ನಲ್ಲಿ ಎರಡು ವರ್ಷದೊಳಗೆ ನಾಳ ಮತ್ತೆ ಕಿರಿದಾದದ್ದು ಎರಡೂ ಚಿಕಿತ್ಸೆಯಲ್ಲಿ ಶೇ 6ರ ಆಸುಪಾಸು; ಹೆಣ್ಣಾಗಿರುವುದು, ಸಕ್ಕರೆ ಕಾಯಿಲೆ, ಕೊಬ್ಬಿನ ಏರುಪೇರು ಈ ಮೂರು ಇದ್ದವರಲ್ಲಿ ಅದು ಜಾಸ್ತಿ. ಆದ್ದರಿಂದ ಚೆನ್ನಾಗಿದ್ದಾರೆ ಎಂದು ಡಾಪ್ಲರ್ ತಪ್ಪಿಸಬೇಡಿ. ಇದನ್ನು ಊರಿನಲ್ಲೇ ಮಾಡಿಸಬಹುದು, ಒಂದೇ ಕಡೆ ಮಾಡಿಸಿದರೆ ಹಿಂದಿನ ವೇಗದ ಜೊತೆ ಹೋಲಿಸಲು ಅನುಕೂಲ.

ಉಳಿದದ್ದು ಅಮ್ಮನ ಬಲಗಡೆಯ ನಾಳ. ಅಲ್ಲಿ ಶೇ 60ರ ಹತ್ತಿರ ಇದೆ, ಲಕ್ಷಣ ಏನೂ ಇಲ್ಲ. ಹೇಗೂ ಬಂದಿದ್ದೀರಿ, ಅದನ್ನೂ ಮಾಡಿಸಿಬಿಡಿ ಎಂದವರು ಇದ್ದರು. ಲಕ್ಷಣವಿಲ್ಲದೆ ಶೇ 60ಕ್ಕಿಂತ ಹೆಚ್ಚು ಕಟ್ಟಿಕೊಂಡವರ ಮೇಲೆ ನಡೆದ 1995ರ ಅಕಾಸ್ ಪ್ರಯೋಗದಲ್ಲಿ ಆಪರೇಷನ್ ಗಂಡಸರ ಅಪಾಯವನ್ನು ಶೇ 66ರಷ್ಟು ಇಳಿಸಿತು, ಹೆಂಗಸರದ್ದನ್ನು 17 ಮಾತ್ರ. ಆಪರೇಷನ್ ಹೊತ್ತಿನ ತೊಂದರೆ ಗಂಡಸರಲ್ಲಿ ಶೇ 1.7, ಹೆಂಗಸರಲ್ಲಿ 3.6. ಮುಂದೆ ಎಸಿಎಸ್‌ಟಿ ಎಂಬ ಇನ್ನೊಂದು ಪ್ರಯೋಗದಲ್ಲಿ ಹತ್ತು ವರ್ಷದ ಲೆಕ್ಕ ನೋಡಿದಾಗ 75 ವರ್ಷದ ಒಳಗಿನ ಹೆಂಗಸರಿಗೂ ಲಾಭ ಕಂಡಿತು, ಆದರೆ ಅದು ಕೈಗೆ ಸಿಗಲು ಬಹಳ ವರ್ಷ ಬೇಕು. ಈಗಿನ ಔಷಧಿಗಳು ಆ ಕಾಲದವಕ್ಕಿಂತ ಎಷ್ಟೋ ಮೇಲು. ಸರ್ಜನ್ ತಾವೇ ಬೇಡ ಎಂದರು, ನಾವೂ ಒಪ್ಪಿದೆವು. ಬಲಗಡೆಗೆ ಮಾತ್ರೆ, ಬಿಪಿ ಹತೋಟಿ, ಹೊಗೆಸೊಪ್ಪು ಬಿಡುವುದು, ಆರು ತಿಂಗಳಿಗೊಮ್ಮೆ ಡಾಪ್ಲರ್. ಎಡಗೈ ಅಥವಾ ಬಲಗಣ್ಣಿಗೆ ಏನಾದರೂ ಆದರೆ ಅದೇ ದಿನ ಮತ್ತೆ ಹೊರಡಬೇಕು. ರಿಪೋರ್ಟು, ಸಿಡಿ, ತಿದ್ದಿದ ಕಾರ್ಡುಗಳು ಎಲ್ಲ ಒಂದೇ ಫೈಲಿನಲ್ಲಿವೆ.